ಬೈಪಾಸ್ ಆದಮೇಲೆ ಚನ್ನಪಟ್ಟಣದ ಪೇಟೆ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಮೊದಲೆಲ್ಲ ಚನ್ನಪಟ್ಟಣದ ಒಳಗೇ ಹಾಯ್ದು ಹೋಗಬೇಕಿತ್ತು. ದಾರಿಯುದ್ದಕ್ಕೂ ಬೊಂಬೆ ಅಂಗಡಿ. ಮಕ್ಕಳು ಹಠ ಹಿಡಿದರೆ ಗಾಡಿ ನಿಲ್ಲಲೇಬೇಕು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿಟ್ಟು ಸುಮಾರು 22 ಕಿ.ಮೀ. ಉದ್ದದ ಬೈಪಾಸ್ ಬಂತು. ಈಗ ಕಾರುಗಳು ಊರಿನ ಹೆಸರು ಓದುವಷ್ಟರಲ್ಲಿ ಮುಂದೆ ಹೋಗಿರುತ್ತವೆ.

ಪೇಟೆ ಈಗ ಹೇಗಿದೆ ಅಂತ ನೋಡಲೆಂದೇ ನಾನು ರೈಲಿನಲ್ಲಿ ಹೋದೆ. ಸ್ಟೇಷನ್ನಿನಿಂದ ನಡೆದುಕೊಂಡು ಬಿ.ಎಂ. ರಸ್ತೆಗೆ, ಅಂದರೆ ಊರೊಳಗಿನ ಹಳೇ ಬೆಂಗಳೂರು-ಮೈಸೂರು ರಸ್ತೆಗೆ ಬಂದರೆ ಜನ ಇಲ್ಲದೆ ಏನಿಲ್ಲ. ತರಕಾರಿ ಗಾಡಿಗಳ ಸುತ್ತ ಗುಂಪಿತ್ತು, ಬಟ್ಟೆ ಅಂಗಡಿಯಲ್ಲಿ ಮದುವೆ ಸೀರೆ ಬಿಚ್ಚಿ ಹಾಸಿದ್ದರು. ಮಗಳ ಮದುವೆಗೆ ಜವಳಿ ತೆಗೆಯಲು ಹಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸನ್ನು ಮಾತಾಡಿಸಿದೆ. "ಈಗ್ಲೇ ವಾಸಿ ಕಣವ್ವ. ಮುಂಚೆ ರೋಡ್ ದಾಟಕ್ಕೇ ಜೀವ ಹೋಗ್ತಿತ್ತು. ವಾರದ ಕೊನೇಲಂತೂ ಕಾರು ಬಿಟ್ಟು ಬ್ಯಾರೇನೂ ಕಾಣ್ತಿರ್ಲಿಲ್ಲ" ಅಂದರು. ಬಟ್ಟೆ ಅಂಗಡಿಯವರದೂ ಅದೇ ಮಾತು. ಅವರ ಗಿರಾಕಿಗಳು ಸುತ್ತಲಿನ ಹಳ್ಳಿಯವರು, ಬೈಪಾಸಿನಿಂದ ಅವರಿಗೆ ನಷ್ಟವೇನೂ ಆಗಿಲ್ಲ. ಬೈಕು, ಆಟೋ, ಟ್ರ್ಯಾಕ್ಟರ್ ಎಕ್ಸ್‌ಪ್ರೆಸ್‌ವೇ ಹತ್ತುವ ಹಾಗಿಲ್ಲ ಅಂತ 2023ರ ಆಗಸ್ಟ್‌ನಿಂದ ನಿಯಮ ಬಂದಿದೆ. ಹಾಗಾಗಿ ಊರ ಸುತ್ತಲಿನ ಓಡಾಟವೆಲ್ಲ ಹಳೇ ರಸ್ತೆಯಲ್ಲೇ ಉಳಿದಿದೆ.

ಬೊಂಬೆ ಅಂಗಡಿಗೆ ಕಾಲಿಟ್ಟ ಕೂಡಲೇ ಮಾತಿನ ಧಾಟಿ ಬದಲಾಯಿತು. "ಊರವ್ರು ಬೊಂಬೆ ತಗೊಳ್ತಾರಾ ಮೇಡಂ? ಅವ್ರ ಮನೇಲೇ ಇರುತ್ತೆ. ನಮಗೆ ರೋಡೇ ಗಿರಾಕಿ" ಅಂದರು ಅಂಗಡಿಯವರು. ಒಂದೇ ರಸ್ತೆ, ಅಕ್ಕಪಕ್ಕದ ಎರಡು ಅಂಗಡಿ. ಒಬ್ಬರಿಗೆ ಬೈಪಾಸ್ ನೆಮ್ಮದಿ ತಂದಿದೆ, ಇನ್ನೊಬ್ಬರ ಹೊಟ್ಟೆಗೇ ಹೊಡೆದಿದೆ. ಪೇಟೆಯವರೆಲ್ಲ ಒಂದೇ ಮಾತು ಹೇಳುತ್ತಾರೆ ಅಂದುಕೊಂಡು ಹೋದರೆ ಆ ಊರು ಅರ್ಥ ಆಗುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಬೇಸರ ತಂದಿತು. ಕೆಲವು ಅಂಗಡಿಗಳ ಮುಂದಿನ ಸಾಲಿನಲ್ಲೇ ಪ್ಲಾಸ್ಟಿಕ್ ಆಟಿಕೆಗಳಿದ್ದವು. ಮರದ ಬೊಂಬೆ ಹಿಂದಕ್ಕೆ ಸರಿದಿತ್ತು. ಕೇಳಿದರೆ, "ಕಮ್ಮಿ ರೇಟಿಂದೇ ಬೇಗ ಹೋಗುತ್ತೆ, ಬಾಡಿಗೆ ಕಟ್ಬೇಕಲ್ವಾ" ಅಂದರು. ಅವರ ಕಷ್ಟ ನಿಜ. ಆದರೂ ಪ್ಲಾಸ್ಟಿಕ್ ಎಲ್ಲಾ ಊರಲ್ಲೂ ಸಿಗುತ್ತದೆ, ಅದಕ್ಕಾಗಿ ಯಾರೂ ಹೆದ್ದಾರಿ ಬಿಟ್ಟು ಇಳಿದು ಬರುವುದಿಲ್ಲ. ಜಿಐ ಮಾನ್ಯತೆ (ಈ ಊರಿನದೇ ಸರಕು ಎಂಬ ಸರ್ಕಾರಿ ಗುರುತು) ಇರುವ ತನ್ನದೇ ಸರಕನ್ನು ಈ ಪೇಟೆ ಮುಂದಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅಂಗಡಿಯವರೇ ದಾರಿ ಹೇಳಿ ಒಬ್ಬ ಕುಶಲಕರ್ಮಿಯ ಮನೆಗೆ ಕಳಿಸಿದರು. ಮುಂದಿನ ಕೋಣೆಯೇ ಕೆಲಸದ ಜಾಗ. ಒಣಗಿಸಿದ ಆಲೆ ಮರದ ತುಂಡೊಂದನ್ನು ಮರ ತಿರುಗಿಸುವ ಲೇತ್ ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದರು. ಬಿಳೀ ಹೊಟ್ಟು ಸುರುಳಿ ಸುರುಳಿಯಾಗಿ ಅವರ ತೊಡೆ ಮೇಲೆ ಬಿತ್ತು. ನೋಡನೋಡುತ್ತಲೇ ಬುಗುರಿಯ ಹೊಟ್ಟೆ, ಮೊನೆ ಎರಡೂ ಮೂಡಿದವು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯ ತುಂಡು ಒತ್ತಿ ಹಿಡಿದರು. ಮಂಕಾಗಿದ್ದ ಕೆಂಪು ಫಳಫಳ ಹೊಳೆಯಿತು. ಕೈಗೆ ತಗೊಂಡರೆ ಇನ್ನೂ ಬೆಚ್ಚಗಿತ್ತು.

"ಇದನ್ನ ಕಣ್ಣಾರೆ ನೋಡಿದವ್ರು ರೇಟಿಗೆ ಚೌಕಾಸಿ ಮಾಡಲ್ಲ" ಅಂದರು ಅವರು. ಬೆಂಗಳೂರಿನ ಆರ್ಡರ್ ಬರುತ್ತಂತೆ, ಆನ್‌ಲೈನ್ ವ್ಯಾಪಾರದವರೂ ಕೊಳ್ಳುತ್ತಾರಂತೆ. ಹಾಗಾಗಿ ರಸ್ತೆ ಬದಿಯ ಅಂಗಡಿಯವರಷ್ಟು ಚಿಂತೆ ಅವರಿಗಿಲ್ಲ. ಮಗ ಈ ಕೆಲಸಕ್ಕೆ ಬರುತ್ತಾನಾ ಅಂದಾಗ ಮಾತ್ರ ಸುಮ್ಮನಾದರು.

ವಾಪಸ್ ಬಂದು ಟೀ ಅಂಗಡಿಯಲ್ಲಿ ಕೂತಾಗ ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರಿದ್ದರು. ಅವರಿಗೆ ಪೇಟೆಯ ಬಗ್ಗೆ ಬೇರೆಯೇ ದೂರು. ಬಟ್ಟೆ, ಚಪ್ಪಲಿ ಆರಿಸಲು ಇಲ್ಲಿ ಜಾಸ್ತಿ ಏನೂ ಸಿಗಲ್ಲ, ರಜೆ ಬಂದರೆ ಬೆಂಗಳೂರಿನ ರೈಲು ಹತ್ತುತ್ತಾರೆ. ಬೆಂಗಳೂರು ಇರುವುದು ಸುಮಾರು 60 ಕಿ.ಮೀ. ದೂರದಲ್ಲಿ ಅಷ್ಟೇ. ಆದರೆ ಗೆಳತಿಯ ಅಕ್ಕನ ಮಗುವಿಗೆ ಕೊಡಲು ಅವರ ಚೀಲದಲ್ಲಿದ್ದದ್ದು ಇಲ್ಲಿಯದೇ ಮರದ ಗಿಲಕಿ!

ನೀವು ಮೈಸೂರಿಗೆ ಹೊರಟಿದ್ದರೆ ಬಿಡದಿ ದಾಟಿ ಹಳೇ ರಸ್ತೆಗೆ ಇಳಿದುಬಿಡಿ. ರಾಮನಗರ ಆದಮೇಲೆ ಚನ್ನಪಟ್ಟಣ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಅಂಗಡಿಯಲ್ಲಿ ಮರದ್ದನ್ನೇ ಕೇಳಿ. ಮಾಡುವುದನ್ನು ನೋಡಬೇಕು ಅನ್ನಿ, ಅವರೇ ಖುಷಿಯಿಂದ ದಾರಿ ತೋರಿಸುತ್ತಾರೆ.