ಇನ್ನೊಂದು ಕೆನ್ನೆ ಎಲ್ಲಿ ಅಂತ ಕೇಳುವವರಿಗೆ

ಪ್ರಶ್ನೆ ಇದು: "ನೀವು ಕ್ರಿಶ್ಚಿಯನ್ನರಲ್ವಾ? ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ತೋರಿಸಬೇಕು ಅಂತ ಉಂಟಲ್ಲ, ಮತ್ತೆ ನೀವ್ಯಾಕೆ ಜಗಳಕ್ಕೆ ಬರ್ತೀರಿ?"

ಜಗಳ ಅಂದರೆ ಎಂತದು? ಬಾಕಿ ಹಣ ಕೇಳುವುದು. ಬದಿಯಡ್ಕದ ಹತ್ತಿರ ನಮ್ಮದೊಂದು ಅಂಗಡಿ ಇದೆ. ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ, ಗೊಬ್ಬರ, ಪಂಪಿನ ಬಿಡಿಭಾಗ ಇಂಥದ್ದೆಲ್ಲ. ಬಾಕಿ ಕೇಳಿದರೆ ಈ ಪ್ರಶ್ನೆ. ಬೇಲಿಯನ್ನು ಒಂದು ಮೊಳ ಈಚೆ ಹಾಕಿದವರನ್ನು ಯಾಕೆ ಅಂತ ಕೇಳಿದರೂ ಇದೇ. ಕಾಸರಗೋಡಿನಲ್ಲಿ ಒಂದು ಸರ್ಕಾರಿ ಕಚೇರಿಗೆ ಹೋಗಿ, ಮಲಯಾಳಂ ಫಾರ್ಮ್ ಬೇಡ, ಕನ್ನಡದ್ದು ಕೊಡಿ ಅಂತ ಪಟ್ಟು ಹಿಡಿದಾಗಲೂ ನನ್ನ ಹಿಂದೆ ಸಾಲಿನಲ್ಲಿದ್ದವರೊಬ್ಬರು ಇದನ್ನೇ ಹೇಳಿದರು. ಫಾರ್ಮಿಗೂ ಕೆನ್ನೆಗೂ ಏನು ಸಂಬಂಧ ಮಾರಾಯ್ರೆ?

ಭಟ್ರು ಬಾಕಿ ಕೇಳಿದರೆ ಯಾರೂ ಗೀತೆಯ ಶ್ಲೋಕ ತೆಗೆಯುವುದಿಲ್ಲ. ಪಕ್ಕದ ಅಂಗಡಿಯ ಬ್ಯಾರಿ ಕೇಳಿದರೆ ಕುರಾನ್ ತೆಗೆಯುವುದಿಲ್ಲ. ಪೊರ್ಬುಗಳು, ಅಂದರೆ ನಾವು ಕ್ರಿಶ್ಚಿಯನ್ನರು, ಕೇಳಿದರೆ ಮಾತ್ರ ಊರಿಗೆಲ್ಲ ಬೈಬಲ್ ನೆನಪಾಗುತ್ತದೆ. ಅದೂ ಒಂದೇ ವಚನ. ಅರ್ಧ ಜನರಿಗೆ ಅದು ಬೈಬಲಿನದ್ದು ಅಂತಲೂ ಗೊತ್ತಿಲ್ಲ, ಗಾಂಧೀಜಿ ಹೇಳಿದ್ದು ಅಂದುಕೊಂಡಿದ್ದಾರೆ. ಗಾಂಧೀಜಿಗೆ ಅದು ತುಂಬ ಇಷ್ಟವಾಗಿತ್ತು ಎನ್ನುವುದು ನಿಜ. ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಆದರೆ 1930ರಲ್ಲಿ ದಂಡಿಗೆ ನಡೆದುಕೊಂಡು ಹೋಗಿ ಉಪ್ಪು ಎತ್ತಿದವರೂ ಅವರೇ ಅಲ್ವಾ? ಇನ್ನೊಂದು ಕೆನ್ನೆ ತೋರಿಸಿ ಮನೆಯಲ್ಲಿ ಕೂತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿದ್ದು ಒಂದು ಮದುವೆ ಊಟದಲ್ಲಿ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಎಲ್ಲರಿಗೂ ಮೈಲುತುತ್ತು ಬೇಕು. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಬೋರ್ಡೋ ಮಿಶ್ರಣ ಅಡಿಕೆಗೆ ಸರಿಯಾದ ಹೊತ್ತಿಗೆ ಬೀಳದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಬುಡಕ್ಕೆ ಉದುರುತ್ತದೆ. ಆಗ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ, ಹಾಗಾಗಿ ಸಾಲ, ಅಡಿಕೆ ಮಾರಿದ ಮೇಲೆ ಕೊಡುವುದು. ಇದು ಮಾಮೂಲು. ಆದರೆ ನಮ್ಮಲ್ಲಿ ಸಾಲ ಮಾಡಿದ್ದ ಒಬ್ಬ ಮನುಷ್ಯ ಹಳೆ ಬಾಕಿ ಹಾಗೇ ಇಟ್ಟು, ಹೊಸ ಕಾರಿನಲ್ಲಿ ಮದುವೆಗೆ ಬಂದಿದ್ದ. ಕೈ ತೊಳೆಯುವ ಕಡೆ ಸಿಕ್ಕಿದ. ಮೆಲ್ಲಗೇ ಕೇಳಿದೆ. ಅವನು ಮೆಲ್ಲಗೆ ಉತ್ತರಿಸಲಿಲ್ಲ. "ಬಾಯಮ್ಮಾ, ನಿಮ್ಮ ಯೇಸುಸ್ವಾಮಿ ಎಂತ ಹೇಳಿದ್ದಾರೆ? ಇನ್ನೊಂದು ಕೆನ್ನೆ ತೋರಿಸಿ!" ಅಂತ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ. ಎಲ್ಲರೂ ನಕ್ಕರು. ಪಾಯಸ ಕುಡಿದವರು ಯಾವುದಕ್ಕೂ ನಗುತ್ತಾರೆ, ಬಿಡಿ.

ಅವತ್ತು ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಆ ಮಾತು ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿದೆ. ಅಲ್ಲಿ ಬಲಗೆನ್ನೆ ಅಂತಲೇ ಇದೆ. ಬಲಗೈಯವನು ಎದುರಿಗಿರುವವನ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈಯ ಹಿಂಭಾಗದಿಂದ ಹೊಡೆಯಬೇಕು. ಅದು ನೋಯಿಸುವ ಏಟಲ್ಲ, ಆಳಿಗೆ ಹೊಡೆಯುವ ಅವಮಾನದ ಏಟು, ಇನ್ನೊಂದು ಕೆನ್ನೆ ತೋರಿಸಿದರೆ "ಹೊಡೆಯುವುದಾದರೆ ಸಮಾನನಿಗೆ ಹೊಡೆದ ಹಾಗೆ ಹೊಡೆ" ಅಂದ ಹಾಗೆ, ಎಂದು ವಿವರಿಸುವವರಿದ್ದಾರೆ. ಇರಬಹುದು. ನನಗೆ ಅದಕ್ಕಿಂತ ಸರಳವಾದ ಉತ್ತರ ಸಾಕು. ಈ ಮಾತು ಹೇಳಿದವರಿಗೇ ಕೆನ್ನೆಗೆ ಬಿದ್ದಾಗ ಅವರು ಏನು ಮಾಡಿದರು? ಯೊವಾನ್ನನ ಶುಭಸಂದೇಶದ ಹದಿನೆಂಟನೇ ಅಧ್ಯಾಯ ನೋಡಿ. ಪ್ರಧಾನ ಯಾಜಕನ ವಿಚಾರಣೆಯಲ್ಲಿ ಕಾವಲಿನವನೊಬ್ಬ ಯೇಸುವಿಗೆ ಹೊಡೆದ. ಯೇಸು ತಿರುಗಿ ಹೊಡೆಯಲಿಲ್ಲ. ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಸರಿ ಇದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಕೇಳಿದರು! ನಾನು ಮದುವೆ ಮನೆಯಲ್ಲಿ ಮಾಡಿದ್ದೂ ಅಷ್ಟೇ.

ಯೇಸುವಿನ ಮಾತನ್ನು ಊರೂರಿಗೆ ಸಾರಿದ ಪೌಲನಂತೂ ಇನ್ನೂ ಗಟ್ಟಿ. ಫಿಲಿಪ್ಪಿ ಎಂಬ ಊರಿನಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆಸಿ ಜೈಲಿಗೆ ಹಾಕಿದರು. ಮರುದಿನ ಅಧಿಕಾರಿಗಳು "ಬಿಟ್ಟಿದ್ದೇವೆ, ಹೋಗಿ" ಅಂತ ಹೇಳಿ ಕಳಿಸಿದರು. ಪೌಲ ಹೋಗಲೇ ಇಲ್ಲ. ನಾವು ರೋಮಿನ ಪ್ರಜೆಗಳು, ಬಹಿರಂಗವಾಗಿ ಹೊಡೆದು ಈಗ ಗುಟ್ಟಾಗಿ ಕಳಿಸುವುದಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಬಂದರು, ಕೇಳಿಕೊಂಡರು, ಕರೆದುಕೊಂಡು ಹೋದರು. ಕನ್ನಡ ಫಾರ್ಮಿಗೆ ಪಟ್ಟು ಹಿಡಿದ ದಿನ ನನಗೆ ಈ ಪೌಲನೇ ನೆನಪಿದ್ದದ್ದು.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಅಂತ ಇಡೀ ಖಂಡಕಾವ್ಯ ಬರೆದಿದ್ದಾರೆ, ಕನ್ನಡದಲ್ಲಿ. ಇಲ್ಲಿನವರಿಗೆ ಯೇಸು ದೂರದವನೇನೂ ಅಲ್ಲ. ಇಲ್ಲೇ ಬೇಳ ಎಂಬ ಊರಿನಲ್ಲಿ 1890ರ ಇಗರ್ಜಿ (ಚರ್ಚು) ಇದೆ. ಶಾಲೆಯಲ್ಲಿ ನಾವೆಲ್ಲ ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿತವರು. ಆದರೂ ಇಷ್ಟು ವರ್ಷಗಳಲ್ಲಿ ನಮ್ಮ ಬಗ್ಗೆ ತಿಳಿದದ್ದು ಕೇಕು, ವೈನು ಮತ್ತು ಕೆನ್ನೆ.

ಹಾಗಂತ ನಮ್ಮನ್ನು ಯಾರೂ ಏನೂ ಕೇಳಬಾರದು ಅಂತಲ್ಲ. ಕೇಳಿ. ಅದೇ ಅಧ್ಯಾಯದಲ್ಲಿ ಐದು ವಚನ ಕೆಳಗೆ ಬಂದರೆ, ವೈರಿಗಳನ್ನು ಪ್ರೀತಿಸಿ, ಹಿಂಸೆ ಕೊಡುವವರಿಗಾಗಿ ಪ್ರಾರ್ಥಿಸಿ ಅಂತ ಇದೆ. "ಬಾಯಮ್ಮಾ, ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀರಾ?" ಅಂತ ಅವನು ಕೇಳಿದ್ದರೆ ನಿಜವಾಗಿಯೂ ಬೆವರುತ್ತಿದ್ದೆ. ಕೆನ್ನೆ ತೋರಿಸುವುದು ಒಂದು ಗಳಿಗೆಯ ಕೆಲಸ. ಇದು ದಿನಾ ರಾತ್ರಿಯದ್ದು. ತೇರ್ಸ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬೇಡಿಕೆ ಹೇಳುತ್ತೇವೆ. ಅಲ್ಲಿ ಅವನ ಹೆಸರು ಬಾಯಿಗೆ ಬರುವುದೇ ಕಷ್ಟ. ಬಂದರೂ ನನ್ನ ಪ್ರಾರ್ಥನೆಗೆ ಒಂದು ಬಾಲ ಇರುತ್ತದೆ: "ದೇವರೇ, ಅವನ ತೋಟಕ್ಕೆ ಕೊಳೆರೋಗ ಬಾರದಿರಲಿ, ಅಡಿಕೆಗೆ ಒಳ್ಳೆ ರೇಟು ಸಿಗಲಿ, ಸಿಕ್ಕಿದ ಮೇಲೆ ನಮ್ಮ ಅಂಗಡಿಯ ದಾರಿ ಮರೆಯದಿರಲಿ." ಗಂಡ ಕೆಮ್ಮುತ್ತಾರೆ. ಇದು ಪ್ರಾರ್ಥನೆಯೋ ವಸೂಲಿಯೋ ಅಂತ ಮಗಳು ಕೇಳುತ್ತಾಳೆ. ನೋಡಿ, ಅದು ಪ್ರಶ್ನೆ!

ನನ್ನ ಮಟ್ಟಿಗೆ ಶಿಷ್ಯತ್ವ ಅಂದರೆ ಹೆಚ್ಚು ಕಡಿಮೆ ಇದೇ ಜಾಗದಲ್ಲಿದೆ. ಹಣ ಕೇಳಬೇಕು, ಆದರೆ ಅವನು ಹಾಳಾಗಲಿ ಅಂತ ಬಯಸಬಾರದು. ತಕ್ಕಡಿ ಅವನಿಗೂ ಸರಿಯಾಗಿಯೇ ತೂಗಬೇಕು. ಅವನ ಅಮ್ಮನಿಗೆ ಹುಷಾರಿಲ್ಲ ಅಂತ ಕೇಳಿದರೆ ನೋಡಲು ಹೋಗಬೇಕು, ಹೋದಾಗ ಬಾಕಿಯ ಸುದ್ದಿ ಎತ್ತಬಾರದು. ಈ ಕೊನೆಯದಕ್ಕೆ ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ, ಚಹಾ ಕುಡಿದು ಬಂದೆ. ಬಡವರ ಲೆಕ್ಕವನ್ನು ಹೊಡೆದು ಹಾಕಿದ್ದೀರಾ ಅಂತಲೂ ಕೆಲವರು ಕೇಳುತ್ತಾರೆ. ಅದರ ಬಗ್ಗೆ ಬರೆಯುವಂತಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ ಆರನೇ ಅಧ್ಯಾಯದಲ್ಲಿದೆ, ನಾನು ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಅವನು ಹಣ ಕೊಟ್ಟನಾ ಅಂತ ಕೇಳುತ್ತೀರಿ, ಗೊತ್ತು. ಅರ್ಧ ಕೊಟ್ಟಿದ್ದಾನೆ. ಈ ಸಲ ಮೈಲುತುತ್ತಿಗೂ ಬಂದಿದ್ದ. ಕೊಟ್ಟೆ, ನಗದಿಗೆ. ಉಳಿದ ಅರ್ಧ ಅಡಿಕೆ ಮಾರಿದ ಮೇಲೆ ಅಂದಿದ್ದಾನೆ. ಆಗ ಮತ್ತೆ ಕೇಳುತ್ತೇನೆ.