ಎರಡು ಕಡಲು ಒಟ್ಟಿಗೆ ಮುಚ್ಚುವ 14 ದಿನಗಳು

ಬಳ್ಳಾರಿಗೆ ಕಡಲಿಲ್ಲ. ಆದರೂ ಇಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವವನು ಎರಡು ಕಡಲುಗಳ ಪಂಚಾಂಗವನ್ನೂ ಒಂದು ಜಲಾಶಯದ ನೀರಿನ ಮಟ್ಟವನ್ನೂ ನೋಡಿಕೊಂಡೇ ಅಂಗಡಿ ನಡೆಸಬೇಕಾಗುತ್ತದೆ. ನಮ್ಮೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67 ಪಶ್ಚಿಮಕ್ಕೆ ಹೊಸಪೇಟೆ, ಕೊಪ್ಪಳ, ಗದಗದ ಮೂಲಕ ಹುಬ್ಬಳ್ಳಿಗೆ ಹೋಗುತ್ತದೆ. ಅಲ್ಲಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಕಾರವಾರ. ಅದೇ ಹೆದ್ದಾರಿ ಪೂರ್ವಕ್ಕೆ ಗುತ್ತಿ, ನೆಲ್ಲೂರು ದಾಟಿ ಕೃಷ್ಣಪಟ್ಟಣಂ ಬಂದರು ಸೇರುತ್ತದೆ. ಬಂಗುಡೆ, ಅಂಜಲ್, ಸೀಗಡಿಗಳು ಎರಡೂ ದಿಕ್ಕಿನಿಂದ ಬರುತ್ತವೆ. ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಮೀನುಗಳು ತುಂಗಭದ್ರೆಯ ಹಿನ್ನೀರಿನಿಂದಲೂ ಆಂಧ್ರದ ಕೆರೆಗಳಿಂದಲೂ ಬರುತ್ತವೆ. ಯುಗಾದಿಯ ಕರಿ ಮುಗಿದ ಮೇಲಿನಿಂದ ಮೃಗಶಿರಾ ಮಳೆ ಹುಟ್ಟುವವರೆಗಿನ ಕಾಲ ಈ ವ್ಯಾಪಾರದಲ್ಲಿ ಅತ್ಯಂತ ಬಿಗಿಯಾದದ್ದು. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದೂ ಈ ಕಾಲದ ಬಗ್ಗೆಯೇ ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಷೇಧದ ದಿನಾಂಕಗಳು. ಪೂರ್ವ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯನ್ನು ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ನಿಲ್ಲಿಸಲಾಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಅದೇ 61 ದಿನಗಳ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಇರುತ್ತದೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಪಶ್ಚಿಮದ ಕಡಲೊಂದೇ ತೆರೆದಿರುತ್ತದೆ, ಜೂನ್ 15ರ ನಂತರ ಪೂರ್ವದ್ದೊಂದೇ ತೆರೆದಿರುತ್ತದೆ, ಜೂನ್ 1ರಿಂದ 14ರವರೆಗೆ ಎರಡೂ ಮುಚ್ಚಿರುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ನಾಡದೋಣಿಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಅವು ತರುವ ಮೀನು ಅಲ್ಲಿನ ಊರುಗಳಲ್ಲೇ ಖರ್ಚಾಗುತ್ತದೆ, ಘಟ್ಟ ಹತ್ತಿ ಬಳ್ಳಾರಿಯವರೆಗೆ ಬರುವಷ್ಟು ಉಳಿಯುವುದಿಲ್ಲ. ಕಡಲು ಮುಚ್ಚುವುದು ಗಡುವಿನ ದಿನದಂದೇ ಎಂದು ನಂಬಿ ಕೂರುವಂತೆಯೂ ಇಲ್ಲ. ಮೇ ಕೊನೆಯ ಹೊತ್ತಿಗೆ ನೈಋತ್ಯದ ಗಾಳಿ ಬಲಗೊಂಡು, ಬಲೆಗೆ ಸಿಕ್ಕ ಮೀನು ಡೀಸೆಲ್ ಖರ್ಚಿಗೂ ಸಾಲದಂತಾದಾಗ, ಅನೇಕ ದೋಣಿಗಳು ಗಡುವಿಗೆ ಮುನ್ನವೇ ದಡ ಸೇರುತ್ತವೆ.

ಆ 14 ದಿನಗಳ ನಡುವೆಯೇ, ಜೂನ್ 7 ಅಥವಾ 8ರ ಸುಮಾರಿಗೆ, ಮೃಗಶಿರಾ ಮಳೆ, ಅಂದರೆ ತೆಲುಗಿನವರ ಮೃಗಶಿರಾ ಕಾರ್ತೆ, ಹುಟ್ಟುತ್ತದೆ. ಅಂದು ಮೀನು ತಿನ್ನಲೇಬೇಕೆಂಬ ರೂಢಿ ಹೈದರಾಬಾದಿನಲ್ಲಿ ಬಲವಾಗಿರುವುದರಿಂದ ಅಲ್ಲಿನ ಮಾರುಕಟ್ಟೆ ಸುತ್ತಲಿನ ಕಾಟ್ಲಾ, ರೋಹುಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಸಮುದ್ರದ ಮೀನು ಇಲ್ಲದ ವಾರದಲ್ಲೇ ಸಿಹಿನೀರಿನ ಮೀನಿಗೂ ಬೇರೆ ಊರಿನ ಗಿರಾಕಿ ಹುಟ್ಟಿದರೆ ನಮ್ಮಲ್ಲಿ ದರ ಏರದೆ ಇನ್ನೇನಾಗುತ್ತದೆ? ಹೋಟೆಲಿನವರಿಗೆ ಖಾಯಂ ದರದಲ್ಲಿ ಮೀನು ಕೊಡುವ ಕರಾರು ಮಾಡಿಕೊಳ್ಳುವವರು ಈ ಎರಡು ವಾರಗಳನ್ನು ಕರಾರಿನಿಂದ ಹೊರಗಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಿರಾಕಿ ಮುನಿಸಿಕೊಂಡರೂ ಪರವಾಗಿಲ್ಲ. ದಿನಾಂಕ ತೋರಿಸಿ ಏಪ್ರಿಲ್‌ನಲ್ಲೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಕಡಲಿನ ಮಾಲು ಕಡಿಮೆಯಾಗುವ ಕಾಲದಲ್ಲಿ ಜಲಾಶಯ ಕೈಹಿಡಿಯುತ್ತದೆ. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ವಿಸ್ತಾರದಲ್ಲಿ ಮೀನು ಚದುರಿರುವುದರಿಂದ ಬಲೆಗೆ ಸಿಗುವುದು ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ನದಿಪಾತ್ರದ ಕಡೆಗೆ ಕುಗ್ಗಿದಾಗ ಮೀನೂ ಅಲ್ಲಿಗೇ ಬಂದು ಸೇರುತ್ತದೆ, ಮುನಿರಾಬಾದ್, ಹೊಸಪೇಟೆ ಕಡೆಯ ಹರಿಗೋಲುಗಳಿಗೆ ಒಳ್ಳೆಯ ಬೇಟೆ ಸಿಗುತ್ತದೆ. ಆದರೆ ಈ ಮೀನನ್ನು ಕೊಳ್ಳುವಾಗ ಚಳಿಗಾಲದಲ್ಲಿ ಕೊಂಡಂತೆ ಕೊಳ್ಳಬಾರದು. ಸಂಜೆ ಬಿಟ್ಟ ಬಲೆಯನ್ನು ನಸುಕಿನಲ್ಲಿ ಎತ್ತುವುದು ರೂಢಿ. ಸಂಜೆ ಏಳಕ್ಕೆ ಸಿಕ್ಕಿಬಿದ್ದ ಕಾಟ್ಲಾ ಬೆಚ್ಚಗಿನ ನೀರಿನಲ್ಲೇ ಸತ್ತು ರಾತ್ರಿಯಿಡೀ ಬಲೆಯಲ್ಲಿ ತೂಗಾಡಿರುತ್ತದೆ; ನಾಲ್ಕು ಗಂಟೆಗೆ ಸಿಕ್ಕಿದ್ದು ಎತ್ತುವಾಗಲೂ ಒದ್ದಾಡುತ್ತಿರುತ್ತದೆ. ಎರಡೂ ಒಂದೇ ಬುಟ್ಟಿಯಲ್ಲಿ ಬರುತ್ತವೆ. “ಈಗ ಎತ್ತಿದ್ದರಿ ಸಾವ್ಕಾರ್ರ, ನೋಡ್ರಿ” ಎಂದು ಮೀನುಗಾರ ಹೇಳುವುದು ಸುಳ್ಳಲ್ಲ, ಎತ್ತಿದ್ದು ಈಗಲೇ.

ನಾನು ಮೀನನ್ನು ತಲೆಯ ಬಳಿ ಹಿಡಿದು ಅಡ್ಡಲಾಗಿ ಎತ್ತುತ್ತೇನೆ. ಸತ್ತ ಮೀನು ಮೊದಲು ಸೆಟೆದುಕೊಂಡು ಆಮೇಲೆ ಸಡಿಲವಾಗುತ್ತದೆ, ಸೆಕೆ ಹೆಚ್ಚಿದಷ್ಟೂ ಈ ಸೆಟೆತ ಬೇಗ ಬಂದು ಬೇಗ ಹೋಗುತ್ತದೆ. ಬಾಲ ಹಲಗೆಯಂತೆ ನೇರ ನಿಂತರೆ ಮೀನು ಇನ್ನೂ ಗಟ್ಟಿ ಎಂದರ್ಥ. ಬಾಲ ಜೋತುಬಿದ್ದರೆ ಕಿವಿರು ಎತ್ತಿ ನೋಡುತ್ತೇನೆ. ಕಿವಿರು ಕೆಂಪಾಗಿದ್ದು, ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ಅದು ಸೆಟೆಯುವ ಮುನ್ನಿನ ಹೊಸ ಮೀನು. ಕಿವಿರು ಕಂದಿ ಲೋಳೆ ಕಟ್ಟಿದ್ದರೆ, ಹೊಟ್ಟೆಯನ್ನು ಬೆರಳಿನಿಂದ ಒತ್ತಿದ ಗುಳಿ ಹಾಗೇ ಉಳಿದರೆ, ಎಷ್ಟು ಅಗ್ಗವಾದರೂ ಬೇಡ. ಮೇ ತಿಂಗಳ ಮೀನಿನ ಹೊಟ್ಟೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಕಾಟ್ಲಾ, ರೋಹುಗಳು ಮುಂಗಾರಿನ ಹರಿವ ನೀರಿನಲ್ಲಿ ಮೊಟ್ಟೆಯಿಡುವ ಮೀನುಗಳಾದ್ದರಿಂದ ಈ ಹೊತ್ತಿಗೆ ಹೆಣ್ಣುಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ, ಕಾಟಾದ ಮೇಲೆ ಅದರದ್ದೇ ಒಂದು ತೂಕ. ಮೊಟ್ಟೆ ಬೇಡವೆನ್ನುವ ಹೋಟೆಲಿಗೆ ಕೊಡುವುದಾದರೆ ದರ ಒಪ್ಪುವ ಮುನ್ನವೇ ಆ ತೂಕವನ್ನು ಲೆಕ್ಕದಿಂದ ಕಳೆಯಬೇಕು. ಇಳಿದ ನೀರಿನ ಮೀನಿಗೆ ಕೆಸರಿನ ವಾಸನೆ ಬರುವುದುಂಟು. ಅದು ಹಳಸಿದ ಲಕ್ಷಣವಲ್ಲ, ನೀರಿನಲ್ಲಿರುವ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಬರುವ ಗುಣ, ಹುಣಸೆಹುಳಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಡಿಮೆಯಾಗುತ್ತದೆ.

ಐಸಿನ ವಿಷಯದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ. 35 ಡಿಗ್ರಿ ಬಿಸಿಯಿರುವ ಒಂದು ಕಿಲೋ ಮೀನನ್ನು ಸೊನ್ನೆ ಡಿಗ್ರಿಗೆ ಇಳಿಸಲಿಕ್ಕೇ ಸುಮಾರು 350 ಗ್ರಾಂ ಐಸ್ ಕರಗಬೇಕು. ಇದು ಮೀನು ತಣ್ಣಗಾಗುವ ಖರ್ಚು ಮಾತ್ರ. ದಾರಿಯುದ್ದಕ್ಕೂ ಹೊರಗಿನ ನಲವತ್ತು ಡಿಗ್ರಿಯನ್ನು ತಡೆಯುವ ಖರ್ಚು ಬೇರೆ. ಆದ್ದರಿಂದ ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸ್ ಹಾಕಬೇಕೆನ್ನುವುದು ದುಂದಲ್ಲ. ಅದನ್ನು ಪುಡಿ ಮಾಡಿ, ಕೆಳಗೊಂದು ಪದರ, ಮೀನಿನ ನಡುನಡುವೆ, ಮೇಲೊಂದು ಪದರ ಹಾಕಿ, ಕರಗಿದ ನೀರು ಹರಿದುಹೋಗುವಂತೆ ಪೆಟ್ಟಿಗೆಯ ತಳದಲ್ಲಿ ತೂತು ಬಿಡಬೇಕು. ಮೇಲೆ ಮಾತ್ರ ಗಡ್ಡೆ ಐಸ್ ಸುರಿದ ಪೆಟ್ಟಿಗೆಯಲ್ಲಿ ಅಡಿಯ ಮೀನು ಹುಬ್ಬಳ್ಳಿ ತಲುಪುವಷ್ಟರಲ್ಲೇ ಕೆಟ್ಟಿರುತ್ತದೆ.

ಬಂಗುಡೆ, ಬೂತಾಯಿ, ಟ್ಯೂನಾಗಳಲ್ಲಿ ಇದು ನಷ್ಟಕ್ಕಿಂತ ದೊಡ್ಡ ವಿಚಾರ. ಈ ಮೀನುಗಳು ಸೆಕೆಯಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳಿಂದ ಮಾಂಸದಲ್ಲಿ ಹಿಸ್ಟಮೈನ್ ಎಂಬ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಹುರಿದರೂ, ಕುದಿಸಿದರೂ, ಮತ್ತೆ ಐಸಿನಲ್ಲಿಟ್ಟರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು, ವಾಂತಿ ಬರುತ್ತದೆ. ವಾಸನೆ, ಬಣ್ಣ ಸರಿಯಿದ್ದಾಗಲೂ ಇದು ಇರಬಹುದಾದ್ದರಿಂದ, ಪೆಟ್ಟಿಗೆ ತೆರೆದಾಗ ಐಸ್ ಪೂರ್ತಿ ಕರಗಿದ್ದರೆ ಬಂಗುಡೆಯನ್ನು ಹಿಂದಕ್ಕೆ ಕಳಿಸುತ್ತೇನೆ, ಕಿವಿರು ಎಷ್ಟೇ ಕೆಂಪಾಗಿರಲಿ.

ಬಿಸಿಲಿನ ದಿನಗಳಲ್ಲಿ ನೆಮ್ಮದಿ ಕೊಡುವ ಮೀನೆಂದರೆ ಕೊರಮೀನು. ಗಾಳಿಯನ್ನೂ ಉಸಿರಾಡಬಲ್ಲದಾದ್ದರಿಂದ ತೊಟ್ಟಿಯ ಸ್ವಲ್ಪ ನೀರಿನಲ್ಲಿ ಜೀವಂತವಾಗಿ ಉಳಿಯುತ್ತದೆ. ನೆರಳು ಮತ್ತು ಮೇಲೊಂದು ಬಲೆ ಇದ್ದರೆ ಸಾಕು, ಇಲ್ಲದಿದ್ದರೆ ಹಾರಿ ಹೊರಬೀಳುತ್ತದೆ. ಜೂನ್ ಮೊದಲ ವಾರಕ್ಕೆ ನಾನು ಹೆಚ್ಚು ಹಣ ತೊಡಗಿಸುವುದು ಇದರ ಮೇಲೆಯೇ.

ಜೂನ್ 15ಕ್ಕೆ ಪೂರ್ವದ ದೋಣಿಗಳು ಕಡಲಿಗಿಳಿದರೂ ಮೊದಲ ಮಾಲು ಬಂದರಿಗೆ ಬಂದು, ಹರಾಜಾಗಿ, ಇಲ್ಲಿಗೆ ತಲುಪಲು ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ನೆಲ್ಲೂರು ಕಡೆಯ ಗಾಡಿಯನ್ನು ಜೂನ್ 18ಕ್ಕಿಂತ ಮೊದಲು ಗೊತ್ತು ಮಾಡುವುದಿಲ್ಲ. ಕಾರವಾರದ ಗಾಡಿಯವನಿಗೆ ಆಗಸ್ಟ್‌ನಲ್ಲಿ ಬಾ ಎಂದು ಹೇಳಿ ಮೇ ಕೊನೆಯಲ್ಲೇ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತೇನೆ.