ಗೆಣಸಿನ ಬಳ್ಳಿ, ಸೀತಾಳೆ ದಂಡೆ: ಯಾವುದನ್ನು ಸಾಕುವುದು ಕಷ್ಟ?

ನಮ್ಮ ಹಿತ್ತಲಿನ ಮಾವಿನ ಮರದಲ್ಲಿ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಇದೆ, ಪಕ್ಕದ ಹಾಲುವಾಣದ ಮರದ ಮೇಲೆ ಗೆಣಸಿನ ಬಳ್ಳಿ ಹಬ್ಬಿದೆ. ಎರಡನ್ನೂ ನೋಡಿದವರು ಕೇಳುವುದು ಒಂದೇ. "ಗೆಣಸು ಬಿಡಿ, ಅದು ತನ್ನಷ್ಟಕ್ಕೆ ಬೆಳೆಯುತ್ತೆ. ಈ ಆರ್ಕಿಡ್‌ಗೆ ಏನು ಹಾಕ್ತೀರಿ? ನಮ್ಮನೇಲಿ ಉಳಿಯೋದೇ ಇಲ್ಲ."

ನನ್ನ ಉತ್ತರ ಉಲ್ಟಾ. ತನ್ನಷ್ಟಕ್ಕೆ ಬೆಳೆಯುವುದು ಆರ್ಕಿಡ್. ಬೆನ್ನು ಮುರಿಯುವ ಹಾಗೆ ದುಡಿಸಿಕೊಳ್ಳುವುದು ಗೆಣಸು.

ಗೆಣಸು ಅಂದರೆ ನೆಲದ ಮೇಲೆ ಹರಡುವ ಸಿಹಿಗೆಣಸಲ್ಲ. ಮರ ಹತ್ತುವ ಬಳ್ಳಿಗೆಣಸು, ಕೆಲವರು ತೂಣಗೆಣಸು ಅನ್ನುತ್ತಾರಲ್ಲ, ಅದು. ಕಾಂಡ ಚೌಕ, ಅಂಚಿಗೆ ತೆಳು ರೆಕ್ಕೆ, ಎಲೆ ವೀಳ್ಯದೆಲೆಯ ಆಕಾರ. ಇದರ ಕೆಲಸ ಮಳೆಗೆ ಮುಂಚೆಯೇ ಶುರು. ಏಪ್ರಿಲ್ ಹೊತ್ತಿಗೆ ಅಟ್ಟದ ಮೇಲಿಟ್ಟ ಗೆಡ್ಡೆ ಮೊಳೆಯುತ್ತದೆ. ಅದನ್ನು ಕಾಲು ಕೆಜಿಯ ತುಂಡುಗಳಾಗಿ ಕೊಯ್ದು, ಪ್ರತಿ ತುಂಡಿಗೂ ಒಂದಿಷ್ಟು ಸಿಪ್ಪೆ ಇರುವ ಹಾಗೆ ನೋಡಿಕೊಂಡು, ಸಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸಬೇಕು. ಹಸಿ ಗಾಯದಲ್ಲೇ ಮಣ್ಣಿಗೆ ಹಾಕಿದರೆ ಮೊದಲ ಮಳೆಗೇ ಕೊಳೆಯುತ್ತದೆ. ಗುಂಡಿ 45 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಓದೋಕೆ ಸುಲಭ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಹಾರೆ ಹಿಡಿದು ತೋಡಿದವರಿಗೆ ಗೊತ್ತು. ಮುಕ್ಕಾಲು ಗುಂಡಿಗೆ ಮೇಲ್ಮಣ್ಣು, ಒಂದು ಕೆಜಿಗೆ ಕಡಿಮೆಯಿಲ್ಲದಷ್ಟು ಕೊಟ್ಟಿಗೆ ಗೊಬ್ಬರ, ಮೇಲೆ ದರಕಿನ, ಅಂದರೆ ಒಣ ಎಲೆಯ, ಮುಚ್ಚಿಗೆ. ಮಣ್ಣು ಸಡಿಲ ಇದ್ದಷ್ಟೂ ಗೆಡ್ಡೆ ದಪ್ಪ. ಗಟ್ಟಿ ನೆಲ ಸಿಕ್ಕಿದರೆ ಸೊಟ್ಟಗಾಗಿ, ಬೆರಳು ಬೆರಳಾಗಿ ಕವಲೊಡೆಯುತ್ತದೆ. ಸಿಪ್ಪೆ ಹೆರೆಯುವವರ ಬಾಯಲ್ಲಿ ಬೈಗುಳ ಗ್ಯಾರಂಟಿ.

ಮೊಳಕೆ ಬಂದು ಹದಿನೈದು ದಿನದೊಳಗೆ ಬಳ್ಳಿಗೆ ಏರಲು ದಾರಿ ಮಾಡಿ ಕೊಡಬೇಕು. ನೆಲದಲ್ಲೇ ಬಿದ್ದುಕೊಂಡರೆ ಎಲೆಗೆ ಬಿಸಿಲು ಸಿಗುವುದಿಲ್ಲ, ಎಲೆ ದುಡಿಯದಿದ್ದರೆ ಗೆಡ್ಡೆ ಎಲ್ಲಿಂದ ಕೂರಬೇಕು? ಆಮೇಲೆ ಕಳೆ, ಮಣ್ಣು ಏರಿಸುವುದು, ಮತ್ತೆ ಕಳೆ. ಇಷ್ಟೆಲ್ಲ ಮಾಡಿದ ಮೇಲೆ ಕಾಡುಹಂದಿಗೆ ಸುಳಿವು ಸಿಕ್ಕಿತೋ, ಒಂದೇ ರಾತ್ರಿಗೆ ಗುಂಡಿ ಖಾಲಿ.

ಇನ್ನು ಸೀತಾಳೆ ದಂಡೆ. ರೋಹಿಣಿ, ಮೃಗಶಿರದ ಹೊತ್ತಿಗೆ ನರಿಬಾಲದ ಹಾಗೆ ಉದ್ದಕ್ಕೆ ಇಳಿಬೀಳುವ ಬಿಳಿ-ನಸುನೇರಳೆ ಹೂವಿನ ದಂಡೆ. ಇದಕ್ಕೆ ಮಣ್ಣೇ ಬೇಡ. ಇದೊಂದು ಮಾತು ತಲೆಗೆ ಹೋದರೆ ಅರ್ಧ ಗಿಡ ಉಳಿಯುತ್ತವೆ. ಜನ ಏನು ಮಾಡುತ್ತಾರೆ? ಪಾಪ, ಪ್ರೀತಿಯಿಂದಲೇ, ಕುಂಡಕ್ಕೆ ಕೆಮ್ಮಣ್ಣು ತುಂಬಿ, ಸಗಣಿ ಗೊಬ್ಬರ ಬೆರೆಸಿ, ಅದರಲ್ಲಿ ಆರ್ಕಿಡ್ ಹೂತು, ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಸುರಿಯುತ್ತಾರೆ. ಗೆಣಸಿಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ ಅಷ್ಟೇ.

ಆರ್ಕಿಡ್‌ನ ಬೇರನ್ನು ಒಮ್ಮೆ ಹತ್ತಿರದಿಂದ ನೋಡಿ. ದಪ್ಪ, ಬೂದು ಬಿಳಿ. ಆ ಬಿಳಿ ಹೊದಿಕೆ ಸತ್ತ ಕೋಶಗಳ ಪದರ. ಮಳೆ ಬಿದ್ದ ಕ್ಷಣ ನೀರು ಹೀರಿ ಹಿಡಿದುಕೊಳ್ಳುತ್ತದೆ, ಆಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಹಾಗಾಗಿ ನೀರು ಯಾವಾಗ ಹಾಕಬೇಕು ಅಂತ ನನ್ನನ್ನು ಕೇಳಬೇಡಿ, ಬೇರನ್ನು ನೋಡಿ. ಹಸಿರಿದ್ದರೆ ಸುಮ್ನೆ ಬಿಡಿ. ಬೆಳ್ಳಗಾಗಿದ್ದರೆ ಹಾಕಿ. ಮರಕ್ಕೆ ಹೊಸದಾಗಿ ಕಟ್ಟಿದ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಚಿಮುಕಿಸಬೇಕು. ಬೇರು ತೊಗಟೆ ಹಿಡಿದ ಮೇಲೆ ಅದೂ ಬೇಕಾಗಿಲ್ಲ.

ಕಟ್ಟುವ ಜಾಗ ಮಾತ್ರ ನೋಡಿಕೊಂಡು ಆರಿಸಬೇಕು. ಮಾವು, ಹಲಸು ಒಳ್ಳೆಯದು, ತೊಗಟೆ ಒರಟು. ಪೇರಲೆ ಬೇಡ, ಅದು ತೊಗಟೆ ಕಳಚುತ್ತಾ ಇರುತ್ತದೆ. ಬೆಳಗಿನ ಬಿಸಿಲು ಬೀಳುವ ಮಗ್ಗುಲಲ್ಲಿ ಬಾಳೆನಾರಿನಿಂದ ಕಟ್ಟಿದರೆ ಸಾಕು. ನಾರು ಲಡ್ಡಾಗಿ ಹರಿಯುವಷ್ಟರಲ್ಲಿ ಬೇರು ಮರ ಹಿಡಿದಿರುತ್ತದೆ. ಅಡಿಕೆ ತೋಟದ ಒಳಗೆ ಕಟ್ಟಬೇಡಿ. ಕೊಳೆರೋಗಕ್ಕೆ ಅಂತ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಗೊನೆಯಿಂದ ತೊಟ್ಟಿಕ್ಕಿ ಆರ್ಕಿಡ್ ಮೇಲೆ ಬಿದ್ದರೆ ಎಳೆ ಬೇರಿನ ತುದಿ ಸುಟ್ಟು ಹೋಗಬಹುದು. ಗೆಣಸಿನ ಎಲೆಗೆ ನಾಲ್ಕು ಹನಿ ಬಿದ್ದರೆ ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು, ಇದು ಬಂದಳಿಕೆ ಅಲ್ಲ ಮಾರಾಯ್ರೇ. ಬಂದಳಿಕೆ ಮರದೊಳಗೆ ಬೇರು ಇಳಿಸಿ ರಸ ಹೀರುತ್ತದೆ. ಆರ್ಕಿಡ್ ಮೇಲೆ ಕೂತಿರುತ್ತದೆ ಅಷ್ಟೇ, ಮರದಿಂದ ಏನೂ ಕದಿಯುವುದಿಲ್ಲ. ಮಾವಿನ ಫಸಲು ಕಡಿಮೆಯಾಯಿತು ಅಂತ ಇದನ್ನು ಕೆರೆದು ಹಾಕಿದವರಿದ್ದಾರೆ!

ಶಿವಮೊಗ್ಗ ಪೇಟೆಯವರು ನರ್ಸರಿಯಿಂದ ತರುವ ಫೆಲನಾಪ್ಸಿಸ್ ಆರ್ಕಿಡ್‌ಗೂ ಇದೇ ನ್ಯಾಯ. ಇದ್ದಿಲು, ತೆಂಗಿನ ಸಿಪ್ಪೆಯ ಚೂರು, ಸುತ್ತ ತೂತಿರುವ ಕುಂಡ. ಗೊಬ್ಬರ ಕೊಡಲೇಬೇಕು ಅನಿಸಿದರೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ) ಒಂದು ಲೀಟರ್ ನೀರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ, ಜಾಸ್ತಿ ಬೇಡ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೇಲೆ ಮಳೆ ಸುರಿಯುವ ಆಗುಂಬೆ ಕಡೆಯವರಾದರೆ ಮಳೆಗಾಲದಲ್ಲಿ ಅದನ್ನು ಸೂರಿನಡಿ, ಗಾಳಿ ಆಡುವ ಕಡೆ ತೂಗುಹಾಕಿ. ಬಸವನಹುಳು ಮಾತ್ರ ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು, ಬೇರಿನ ತುದಿ ಅಂದರೆ ಅದಕ್ಕೆ ಹಬ್ಬದೂಟ.

ದೊಡ್ಡ ವ್ಯತ್ಯಾಸ ಹೇಳಬೇಕೆಂದರೆ, ಗೆಣಸನ್ನು ಪ್ರತಿ ವರ್ಷ ಹೊಸದಾಗಿ ಶುರು ಮಾಡಬೇಕು. ನೆಟ್ಟ ತುಂಡು ಕರಗಿ ಹೋಗಿ ಬೇರೆಯದೇ ಗೆಡ್ಡೆ ಕೂರುತ್ತದೆ. ಒಂಬತ್ತು-ಹತ್ತು ತಿಂಗಳಿಗೆ ಬಳ್ಳಿ ಹಳದಿಯಾಗಿ ಒಣಗುತ್ತದೆ. "ಅಯ್ಯೋ, ಸತ್ತೋಯ್ತು" ಅಂತ ನೀರು ಹಾಕುವವರಿದ್ದಾರೆ, ಹಾಕಬೇಡಿ. ಅದು ಅಗೆಯೋಕೆ ಬಂತು ಅಂತ ಅರ್ಥ. ಆರ್ಕಿಡ್ ಹಾಗಲ್ಲ, ಒಮ್ಮೆ ಕೂತರೆ ಅದೇ ಗಿಡ ವರ್ಷಾನುಗಟ್ಟಲೆ ಬಾಳುತ್ತದೆ. ಜಾಗ ಬದಲಿಸುತ್ತಾ ಇದ್ದರೆ ಹೂ ಬಿಡುವುದೇ ಇಲ್ಲ.

ಕೊನೆಗೆ ಎಲ್ಲರೂ ಕೇಳುವುದು, "ನಮಗೊಂದು ಸಸಿ ಕೊಡ್ತೀರಾ?" ಸೀತಾಳೆ ದಂಡೆ ಕೊಡುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಅದರ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಆಹಾರ ಇಲ್ಲ, ಸರಿಯಾದ ಶಿಲೀಂಧ್ರ ಜೊತೆಗಿದ್ದರೆ ಮಾತ್ರ ಕಾಡಲ್ಲಿ ಮೊಳೆಯುತ್ತದೆ. ಹಾಗಾಗಿ ಕಾಡಿಂದ ಕಿತ್ತು ತರಲೂ ಬೇಡಿ, ನರ್ಸರಿಯಲ್ಲಿ ಬೆಳೆಸಿದ್ದು ಸಿಕ್ಕರೆ ತಗೊಳ್ಳಿ. ಗೆಣಸಿನ ಬೀಜದ ಗೆಡ್ಡೆ ಬೇಕಿದ್ದರೆ ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಚೀಲ ನೀವೇ ತನ್ನಿ, ಅಗೆಯುವುದೂ ನೀವೇ.